ಮನೆಯಲ್ಲಿ ಮಾಡಿದ ಟಾಮ್ ಯಮ್ ಮೀನಿನ ಸೂಪ್‌ಗೆ ಘಮ ಯಾಕೆ ಬರಲ್ಲ?

ಥಾಯ್ ಟಾಮ್ ಯಮ್ ಮೀನಿನ ಸೂಪ್ ಮಾಡಲು ಎಲ್ಲವನ್ನೂ ಒಟ್ಟಿಗೆ ಹಾಕಿ ಅರ್ಧ ಗಂಟೆ ಕುದಿಸಿದೆ, ಘಮ ಬರಲಿಲ್ಲ, ಮೀನಿನ ಹಸಿ ವಾಸನೆ ಮಾತ್ರ ಬಂತು ಅಂತ ಕೇಳಿದ್ದೀರಿ. ನಿಮ್ಮ ಸಾಮಾನು ಬಹುಪಾಲು ಸರಿಯಾಗಿಯೇ ಇದೆ. ಯಾವುದನ್ನು ಯಾವಾಗ ಹಾಕಬೇಕು ಅನ್ನುವುದರಲ್ಲಿ ಎಡವಿದ್ದೀರಿ.

ನಾನು ಕುಂದಾಪುರದ ಕಡೆಯವಳು, ಮೀನು ಸಾರು ತಿಂದೇ ಬೆಳೆದವಳು. ಆದರೂ ಬ್ಯಾಂಕಾಕ್‌ನಲ್ಲಿದ್ದ ಎರಡು ವರ್ಷದಲ್ಲಿ ಮೊದಮೊದಲು ನನಗೂ ಹೀಗೇ ಆಗುತ್ತಿತ್ತು. ನಮ್ಮ ಸಾರು ಮಸಾಲೆ ಅರೆದು ಚೆನ್ನಾಗಿ ಕುದಿಸಿದಷ್ಟೂ ರುಚಿ, ಮರುದಿನ ಇನ್ನೂ ರುಚಿ. ಟಾಮ್ ಯಮ್‌ಗೆ ಆ ಲೆಕ್ಕ ನಡೆಯಲ್ಲ. ಕೆಳಗಿನ ಮನೆಯ ಹಿರಿಯರೊಬ್ಬರು ನನಗೆ ಇದನ್ನು ಕಲಿಸಿದರು. ಅವರನ್ನು 'ಪಾ' ಅಂತ ಕರೆಯುತ್ತಿದ್ದೆ, ಅಂದರೆ ದೊಡ್ಡಮ್ಮ. 'ಟಾಮ್' ಅಂದರೆ ಕುದಿಸುವುದು, 'ಯಮ್' ಅಂದರೆ ಹುಳಿ, ಉಪ್ಪು, ಖಾರ ಹಾಕಿ ಕಲಸುವುದು. ನಾನು ಕ್ರಮವನ್ನೂ ಹಾಗೇ ನೆನಪಿಟ್ಟುಕೊಂಡಿದ್ದೇನೆ: ಮೊದಲು ಕುದಿಸು, ಒಲೆ ಆರಿಸಿದ ಮೇಲೆ ಕಲಸು.

ಅಂದಹಾಗೆ, 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದ್ದು ಸಿಗಡಿಯ 'ಟಾಮ್ ಯಮ್ ಕುಂಗ್'. ಮೀನು ಹಾಕಿದರೆ ಅದು 'ಟಾಮ್ ಯಮ್ ಪ್ಲಾ'.

ನಾಲ್ಕು ಜನಕ್ಕೆ ಒಂದು ಲೀಟರ್ ನೀರು, ಅರ್ಧ ಕೆಜಿ ಮೀನು ಸಾಕು. ಬಂಗುಡೆ, ಬೂತಾಯಿ ಬೇಡ, ಅವುಗಳ ಎಣ್ಣೆ ತಿಳಿ ಸೂಪ್‌ಗೆ ಜಾಸ್ತಿ. ಅಂಜಲ್, ಕೆಂಬೇರಿ ಅಥವಾ ಮುರ್ರೆಲ್ ತನ್ನಿ. ನಡುಮುಳ್ಳಿಗೆ ಅಂಟಿದ ಕಪ್ಪು ರಕ್ತವನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ. ಉಪ್ಪು ಸವರಿ ಐದು ನಿಮಿಷ ಬಿಟ್ಟು ತೊಳೆಯಿರಿ. ಅರ್ಧ ವಾಸನೆ ಇಲ್ಲೇ ಹೋಗುತ್ತದೆ.

ಮಜ್ಜಿಗೆ ಹುಲ್ಲು ಮೂರು ದಂಟು. ನಮ್ಮಲ್ಲಿ ಕಷಾಯಕ್ಕೆ ಮೇಲಿನ ಎಲೆ ಕತ್ತರಿಸಿ ಹಾಕುತ್ತೇವೆ, ಅಲ್ವಾ? ಈ ಸೂಪ್‌ಗೆ ಬೇಕಾದದ್ದು ಬುಡದ ಬಿಳಿ ಭಾಗ. ಅದನ್ನು ಕುಟ್ಟಾಣಿಯಲ್ಲಿ ಜಜ್ಜಲೇಬೇಕು. ಸುಮ್ನೆ ಕತ್ತರಿಸಿ ಹಾಕಿದರೆ ಎಣ್ಣೆ ಒಳಗೇ ಉಳಿಯುತ್ತದೆ. ನೀವು ಹಾಕಿದ ಶುಂಠಿಯ ಬದಲು ಗಲಂಗಲ್ (ಶುಂಠಿಯ ಜಾತಿಯದೇ ಇನ್ನೊಂದು ಗೆಡ್ಡೆ) ಏಳೆಂಟು ಬಿಲ್ಲೆ ಹಾಕಿ. ಗ್ರಂಧಿಗೆ ಅಂಗಡಿಯಲ್ಲಿ ದುಂಪರಾಸ್ಮೆ ಅಂತ ಕೇಳಿದರೆ ಒಣಗಿದ್ದು ಸಿಗುತ್ತದೆ, ನೆನೆಸಿ ಬಳಸಿ. ಶುಂಠಿ ಹಾಕಿದರೆ ಸೂಪ್ ಕಷಾಯದ ದಾರಿ ಹಿಡಿಯುತ್ತದೆ. ಮಕ್ರುತ್ ನಿಂಬೆ ಎಲೆ ಐದಾರು, ನಡುನಾರು ತೆಗೆದು ಹರಿದು ಹಾಕಿ. ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಸಿಕ್ಕಾಗ ಜಾಸ್ತಿ ತಂದು ಫ್ರೀಜರ್‌ನಲ್ಲಿಡಿ, ತಿಂಗಳುಗಟ್ಟಲೆ ಇರುತ್ತದೆ.

ಈ ಮೂರನ್ನು ಕುದಿಯುವ ನೀರಿಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಆಮೇಲೆ ಚಿಪ್ಪು ಅಣಬೆ ಹಾಕಿ. ಈಗ ಉರಿ ಜೋರು ಮಾಡಿ. ನೀರು ಕೊತಕೊತ ಕುದಿಯುವಾಗ ಮೀನಿನ ತುಂಡು ಬಿಡಿ. ತಣ್ಣನೆಯ ನೀರಿಗೆ ಮೀನು ಹಾಕಿ ಒಲೆ ಹಚ್ಚಿದರೆ ವಾಸನೆ ಬರುವುದು ಖಂಡಿತ. ಮತ್ತೆ ಸೌಟು ಮುಟ್ಟಬೇಡಿ. ನಾನು ಅಭ್ಯಾಸಬಲದಿಂದ ಕೈ ಹಾಕಿದಾಗಲೆಲ್ಲ ಪಾ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು. ಮೀನು ಬೇಯುವ ಮುಂಚೆ ಕಲಕಿದರೆ ಸೂಪ್ ವಾಸನೆ ಬರುತ್ತದೆ ಅಂತ ಅವರು ಹೇಳುತ್ತಿದ್ದರು. ತುಂಡಂತೂ ಒಡೆದು ನೀರು ಕಲಗಚ್ಚಾಗುತ್ತದೆ. ನಾಲ್ಕೈದು ನಿಮಿಷದಲ್ಲಿ ಮೀನು ಬೆಳ್ಳಗಾಗುತ್ತದೆ. ಒಲೆ ಆರಿಸಿ.

ಇನ್ನು ಯಮ್. ಬಡಿಸುವ ದೊಡ್ಡ ಬಟ್ಟಲಿಗೆ ಮೂರು ಚಮಚ ಫಿಶ್ ಸಾಸ್, ನಾಲ್ಕು ಚಮಚ ನಿಂಬೆರಸ, ಜಜ್ಜಿದ ಏಳೆಂಟು ಸೂಜಿಮೆಣಸು ಹಾಕಿಡಿ. ಅದರ ಮೇಲೆ ಬಿಸಿ ಸೂಪ್ ಸುರಿದು, ಕೊತ್ತಂಬರಿ ಸೊಪ್ಪು ಉದುರಿಸಿ. ನಿಂಬೆರಸ ಕುದಿಸಿದರೆ ಅದರ ತಾಜಾ ಪರಿಮಳ ಹಾರಿ ಹುಳಿ ಮಾತ್ರ ಉಳಿಯುತ್ತದೆ. ನಿಮ್ಮ ಅರ್ಧ ಗಂಟೆಯಲ್ಲಿ ಹೋದದ್ದು ಅದೇ. ಮೀನಿನ ವಾಸನೆಗೆ ಕಾರಣವಾದ ಅಮೀನ್‌ಗಳನ್ನು ಹುಳಿ ಹಿಡಿದಿಡುತ್ತದೆ. ಅದಕ್ಕೇ ಮೊದಲು ರುಚಿ ನೋಡಿ, ಹುಳಿ ಸಾಲದಿದ್ದರೆ ಇನ್ನಷ್ಟು ಹಿಂಡಿ.

ದಂಟು, ಬಿಲ್ಲೆ, ಎಲೆ ತಿನ್ನಬೇಡಿ, ಸಾರಿನ ಕರಿಬೇವಿನ ಹಾಗೆ ಬದಿಗಿಡಿ. ಬಿಸಿ ಅನ್ನದ ಜೊತೆ ತಕ್ಷಣ ಊಟ ಮಾಡಿ. ನಾಳೆಗೂ ಬೇಕೆಂದರೆ ಮೀನು ಹಾಕುವ ಮುಂಚೆ ಘಮದ ನೀರನ್ನು ಸ್ವಲ್ಪ ತೆಗೆದು ಫ್ರಿಜ್‌ನಲ್ಲಿಡಿ.