ರೆಂಡರ್ ನಿಜದ ಹಾಗೆ ಕಾಣಬೇಕಾದರೆ ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲೇಬೇಕಾ?

ಬೇಡ, ತಗೊಳ್ಳಬೇಡಿ. ಬ್ಲೆಂಡರ್‌ನಲ್ಲಿ (3ಡಿ ಮಾಡೆಲ್ ಕಟ್ಟಿ ಅದರ ಚಿತ್ರ, ಅಂದರೆ ರೆಂಡರ್, ತೆಗೆಯುವ ಸಾಫ್ಟ್‌ವೇರ್) ಮಾಡಿದ ಮನೆಯ ಹಾಲ್ ಪ್ಲಾಸ್ಟಿಕ್ ತರ ಕಾಣುತ್ತದೆ, ಸ್ಯಾಂಪಲ್ಸ್ (ಚಿತ್ರದ ಪ್ರತಿ ಚುಕ್ಕೆಗೆ ಬೆಳಕನ್ನು ಎಷ್ಟು ಸಲ ಲೆಕ್ಕ ಹಾಕಬೇಕು ಅನ್ನುವ ಅಂಕಿ) ಏರಿಸಿದರೂ ಸರಿಹೋಗಲಿಲ್ಲ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2021 ನೆನಪಾಯಿತು.

ಆಗಷ್ಟೇ ಬಳ್ಳಾರಿಯಲ್ಲಿ ಮನೆಗಳ ಎಲಿವೇಷನ್ (ಹೊರನೋಟದ ಚಿತ್ರ) ಮಾಡಿಕೊಡುವ ಕೆಲಸ ಶುರು ಮಾಡಿದ್ದೆ. ಕೊಪ್ಪಳದ ಒಬ್ಬರು ಮೂವತ್ತು-ನಲವತ್ತರ ಸೈಟಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುವವರಿದ್ದರು. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ರೆಂಡರ್ ಯಾಕೋ ಸುಳ್ಳು ಸುಳ್ಳಾಗಿ ಕಾಣುತ್ತಿತ್ತು. ಸ್ಯಾಂಪಲ್ಸ್ 128ರಿಂದ 4096ಕ್ಕೆ ಏರಿಸಿದೆ. ಕಂಪ್ಯೂಟರ್ ರಾತ್ರಿಯೆಲ್ಲ ಓಡಿತು. ಕಾಳು ಕಾಳಾದ ನಾಯ್ಸ್ ಹೋಯಿತು, ಸುಳ್ಳು ಹೋಗಲಿಲ್ಲ. ಕಾರ್ಡ್‌ಗಳ ಬೆಲೆ ಸಿಕ್ಕಾಪಟ್ಟೆ ಏರಿದ್ದ ವರ್ಷ ಅದು. ಆದರೂ ಸಾಲ ಮಾಡಿ ಒಂದು ತಗೊಂಡೆ. ಚಿತ್ರ ಬೇಗ ಬರತೊಡಗಿತು, ಚೆನ್ನಾಗಿ ಬರಲಿಲ್ಲ.

ಕೊನೆಗೆ ಹಾಗೇ ಕೊಪ್ಪಳಕ್ಕೆ ಒಯ್ದು ತೋರಿಸಿದೆ. ಮನೆಯವರು ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಮೇಸ್ತ್ರಿ ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಇದು ಹುಡುಗ್ರು ಆಡೋ ಮನಿ ಇದ್ದಂಗ ಐತಿ. ಈ ಬಾಗ್ಲ ಎಷ್ಟ್ ಎತ್ತರ ಹಿಡದಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ರಾತ್ರಿ ಮನೆಗೆ ಬಂದು ಬಾಗಿಲನ್ನು ಸೆಲೆಕ್ಟ್ ಮಾಡಿ, ಅಳತೆ ನೋಡಲು ಕೀಬೋರ್ಡಿನಲ್ಲಿ ಎನ್ ಒತ್ತಿದೆ. ಎತ್ತರ 0.61 ಮೀಟರ್. ಅಂದರೆ ಎರಡು ಅಡಿ! ಏಳು ಅಡಿ ಇರಬೇಕಾದ ಬಾಗಿಲು. ಮೇಸ್ತ್ರಿ ನೋಡಿದ್ದು ನಿಜವಾಗಿಯೂ ಆಟದ ಮನೆಯನ್ನೇ.

ಆಗಿದ್ದು ಇಷ್ಟು. ಬ್ಲೆಂಡರ್ ತೆರೆದಾಗ ಬರುವ ಕ್ಯೂಬ್ ಎರಡು ಮೀಟರಿನದು. ನಾನು ಅದನ್ನೇ ಇಡೀ ಮನೆ ಅಂದುಕೊಂಡು ಕೊರೆಯುತ್ತಾ ಹೋಗಿದ್ದೆ. ಎಲ್ಲವೂ ಒಂದೇ ಅನುಪಾತದಲ್ಲಿ ಚಿಕ್ಕದಾದರೆ ಏನಾಯ್ತು, ಚಿತ್ರ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ಆಕಾರ ಚಿಕ್ಕದಾಯಿತು, ನಾನು ಕೊಟ್ಟ ಅಂಕಿಗಳು ಚಿಕ್ಕದಾಗಲಿಲ್ಲ. ಯಾವುದೋ ವಿಡಿಯೋ ನೋಡಿ ಅಂಚುಗಳಿಗೆ ಎರಡು ಸೆಂಟಿಮೀಟರ್ ಬೆವೆಲ್ ಕೊಟ್ಟಿದ್ದೆ, ಅಂದರೆ ಚೂಪು ಅಂಚನ್ನು ಅಷ್ಟು ಸವರಿದ್ದೆ. ಎರಡಡಿಯ ಬಾಗಿಲಿಗೆ ಅದು ನಿಜದ ಮನೆಯಲ್ಲಿ ಏಳು ಸೆಂಟಿಮೀಟರ್ ಕೊಟ್ಟ ಹಾಗೆ. ಹಾಗಾಗಿ ಅಂಚೆಲ್ಲ ಸವೆದ ಸೋಪಿನ ತರ ಆಗಿತ್ತು. ಒಂದು ಮೀಟರ್ ಲೆಕ್ಕದ ಗ್ರಾನೈಟ್ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಕಲ್ಲಿನ ಚಿತ್ರ) ಅರ್ಧ ಗೋಡೆಯನ್ನೇ ನುಂಗಿ, ಕಲ್ಲಿನ ಕಾಳುಗಳು ದಪ್ಪ ದಪ್ಪ ಕಂಡವು. ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಮೆರಾ. ಲೆನ್ಸ್ ಎಷ್ಟು ತೆರೆದಿರಬೇಕು ಅನ್ನುವುದಕ್ಕೆ ಎಫ್ 2.8 ಇಟ್ಟಿದ್ದೆ. 50 ಎಂಎಂ ಲೆನ್ಸಿನಲ್ಲಿ ಹದಿನಾಲ್ಕು ಮೀಟರ್ ದೂರದಿಂದ ತೆಗೆದರೆ ನಿಜದ ಮನೆ ಹೆಚ್ಚುಕಡಿಮೆ ಪೂರ್ತಿ ಸ್ಪಷ್ಟವಾಗಿರುತ್ತದೆ. ನನ್ನ ಮಾಡೆಲ್ ಚಿಕ್ಕದಾದ್ದರಿಂದ ಕ್ಯಾಮೆರಾ ನಾಲ್ಕೇ ಮೀಟರ್ ದೂರದಲ್ಲಿತ್ತು. ಗೇಟೂ ಮಸುಕು, ಹಿಂದಿನ ಗೋಡೆಯೂ ಮಸುಕು. ಕಿನ್ನಾಳದ ಗೊಂಬೆಯನ್ನು ಹತ್ತಿರದಿಂದ ಫೋಟೋ ತೆಗೆದು ನೋಡಿ, ಹಿಂದಿನದೆಲ್ಲ ಹಾಗೇ ಕರಗುತ್ತದೆ. ಹಾಗೆ ಮಸುಕಾದದ್ದನ್ನು ನಮ್ಮ ಕಣ್ಣು ಚಿಕ್ಕ ವಸ್ತು ಅಂತಲೇ ಓದುತ್ತದೆ.

ಮರುದಿನ ಟೇಪು ಹಿಡಿದು ನಮ್ಮ ಮನೆಯನ್ನೇ ಅಳೆದೆ. ಬಾಗಿಲು ಏಳು ಅಡಿ, ಮೆಟ್ಟಿಲು ಆರು ಇಂಚು, ಪ್ಯಾರಾಪೆಟ್ ಮೂರು ಅಡಿ. ಮಾಡೆಲ್ಲನ್ನು ಮೂರೂವರೆ ಪಟ್ಟು ದೊಡ್ಡದು ಮಾಡಿ, ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿದೆ, ಅಂದರೆ ಹೊಸ ಅಳತೆಯೇ ಅಸಲಿ ಅಂತ ಬ್ಲೆಂಡರ್‌ಗೆ ಹೇಳಿದೆ. ಇದನ್ನು ಮರೆಯಬೇಡಿ, ಮರೆತರೆ ಬೆವೆಲ್ ಹಳೇ ಲೆಕ್ಕದಲ್ಲೇ ಉಳಿದು ಹಿಗ್ಗುತ್ತದೆ. ಆಮೇಲೆ ಬೆವೆಲ್ ಮೂರು ಮಿಲಿಮೀಟರ್‌ಗೆ ಇಳಿಸಿದೆ, ಟೆಕ್ಸ್ಚರ್ ಅಳತೆ ಸರಿಮಾಡಿದೆ. ಎರಡು ಸಂಜೆಯ ಕೆಲಸ. ಹಳೇ ಕಾರ್ಡಿನಲ್ಲೇ ಆಗುತ್ತಿತ್ತು.

ಉಳಿದದ್ದೆಲ್ಲ ಆಮೇಲಿನ ಮಾತು. ಬಿಳಿ ಗೋಡೆಯ ಬಣ್ಣದ ಬಿಳುಪಿಗೆ ಪೂರ್ತಿ 1 ಕೊಡಬೇಡಿ, 0.8 ಸಾಕು. ರಫ್‌ನೆಸ್ (ನುಣುಪು-ಒರಟು) ಮತ್ತು ನಾರ್ಮಲ್ (ಉಬ್ಬು-ತಗ್ಗು) ಮ್ಯಾಪ್‌ಗಳನ್ನು ನಾನ್-ಕಲರ್‌ಗೆ ಹಾಕಿ, ಅವು ಬಣ್ಣವಲ್ಲ, ಬರೀ ಅಂಕಿ. ಸೂರ್ಯನ ಆಂಗಲ್ ಅರ್ಧ ಡಿಗ್ರಿ ಹತ್ತಿರ ಇರಲಿ, ಆಕಾಶದಲ್ಲಿ ಸೂರ್ಯ ಕಾಣುವುದೇ ಅಷ್ಟು ಅಗಲ. ನಾನು ಐದು ಡಿಗ್ರಿ ಇಟ್ಟು, ಬಳ್ಳಾರಿಯ ಮೇ ತಿಂಗಳಲ್ಲಿ ಮೋಡ ಕವಿದ ನೆರಳು ಬೀಳಿಸಿದ್ದೆ. ನಮ್ಮ ಕಡೆ ಮನೆಯಾದರೆ ಕಾಂಪೌಂಡಿನ ಕೆಳಗಿನ ಒಂದಡಿಗೆ ಕೆಂಪು ಮಣ್ಣಿನ ಕಲೆಯೂ ಬೇಕು. ಮಳೆ ಬಿದ್ದಾಗ ಸಿಡಿದು ಅಂಟಿಕೊಂಡಿರುತ್ತದಲ್ಲ, ಅದು. 8ಕೆ ಟೆಕ್ಸ್ಚರ್ ಹುಡುಕುವ ಹೊತ್ತಿನಲ್ಲಿ ಹೊರಗೆ ಹೋಗಿ ನಿಮ್ಮ ಬೀದಿಯ ಗೋಡೆ ನೋಡಿ ಬನ್ನಿ.

ಈಗ ನಿಮ್ಮ ಆ ಹಾಲ್‌ನ ಬ್ಲೆಂಡರ್ ಫೈಲ್ ತೆರೆಯಿರಿ. ಬಾಗಿಲು, ಕುರ್ಚಿ, ಕಿಟಕಿ ಒಂದೊಂದಾಗಿ ಸೆಲೆಕ್ಟ್ ಮಾಡಿ ಎನ್ ಒತ್ತಿ. ಅಲ್ಲಿ ಬರುವ ಡೈಮೆನ್ಷನ್ ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.