ಕಡಲೂರಿನ ಮಂಗಳವಾರ ಹೇಗಿರುತ್ತದೆ?

(ಓದುಗರೊಬ್ಬರ ಪತ್ರದ ಸಾರ: ಮಹಾನಗರದ ಫ್ಲಾಟ್ ಬಿಟ್ಟು ಬೇರೆ ಕಡೆ ಮನೆ ಮಾಡಬೇಕೆಂದಿದ್ದೇವೆ. ಗಂಡನಿಗೆ ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ನನ್ನ ಕೆಲಸವೂ ಮನೆಯಿಂದಲೇ. ಮಗಳಿಗೆ 14, ಮಗನಿಗೆ 7. ಜೊತೆಗೆ ಮಂಡಿನೋವಿನ ಅತ್ತೆ ಇದ್ದಾರೆ. ಎರಡು ಜಾಗ ನೋಡಿದ್ದೇವೆ. ಒಂದು, ರೈಲಿನಲ್ಲಿ 50 ನಿಮಿಷ ದೂರದ ಹೊರವಲಯದ ಊರು. ಇನ್ನೊಂದು, ಎರಡೂವರೆ ಗಂಟೆ ದೂರದ ಕಡಲ ದಂಡೆಯ ಪುಟ್ಟ ಊರು. ರಜೆಗೆ ಹೋಗಿದ್ದಾಗ ಗಂಡನಿಗೆ ಆ ಊರು ಹಿಡಿಸಿಬಿಟ್ಟಿದೆ. ಅಲ್ಲೇ ಮನೆ ಕೊಳ್ಳೋಣ ಅನ್ನುತ್ತಾರೆ. ನನಗೆ ಧೈರ್ಯ ಸಾಲದು. ನೀವೇನು ಹೇಳುತ್ತೀರಿ?)

ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು, ನನ್ನ ಕೆಲಸದ ಚಾಳಿ ಅದು. ಸಮುದ್ರಕ್ಕೆ ಒಂದೂವರೆ ಪುಟ ಹೋಗಿದೆ. ಬಾಲ್ಕನಿಗೆ ಅರ್ಧ ಪುಟ. ಅತ್ತೆಯವರ ಮಂಡಿಗೆ ಒಂದು ಪ್ಯಾರಾ. ಮಗಳ ಬಗ್ಗೆ ಮಾತ್ರ ಒಂದೇ ಒಂದು ಸಾಲು: "ಅವಳಿಗೆ ಎಲ್ಲಾದರೂ ಸರಿಯಂತೆ." ಅದರ ಕೆಳಗೆ ಗೆರೆ ಎಳೆದಿಟ್ಟಿದ್ದೇನೆ. ಆಮೇಲೆ ಅಲ್ಲಿಗೆ ಬರುತ್ತೇನೆ.

ಮೊದಲು ಸಮುದ್ರದ ಮಾತು. ಮನೆಯಲ್ಲಿ ಜಗಳ ನಡೆದಿರುವುದೇ ಅದರ ಮೇಲೆ, ಅಲ್ವಾ?

1998ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್, ಒಂದು ಸರಳ ಪ್ರಶ್ನೆ ಎತ್ತಿಕೊಂಡರು. ಬಿಸಿಲು, ಬೀಚು ಎಲ್ಲ ಇರುವ ಕ್ಯಾಲಿಫೋರ್ನಿಯಾದಲ್ಲಿ ಇರುವವರು ನಿಜವಾಗಿ ಜಾಸ್ತಿ ಸುಖವಾಗಿದ್ದಾರಾ? ಅಲ್ಲಿನ ವಿದ್ಯಾರ್ಥಿಗಳನ್ನೂ, ಚಳಿ ಕೊರೆಯುವ ಒಳನಾಡಿನ ವಿದ್ಯಾರ್ಥಿಗಳನ್ನೂ ಕೇಳಿದರು. ಒಟ್ಟು ಸುಮಾರು ಎರಡು ಸಾವಿರ ಜನ. ಅವರವರ ಬದುಕಿನ ಬಗ್ಗೆ ಕೇಳಿದಾಗ ಎರಡೂ ಕಡೆಯವರ ತೃಪ್ತಿ ಹೆಚ್ಚುಕಮ್ಮಿ ಒಂದೇ. ಆದರೆ "ನಿಮ್ಮಂಥವರೇ ಆ ಕಡೆ ಹೇಗಿದ್ದಾರೆ ಅಂದುಕೊಳ್ಳುತ್ತೀರಿ" ಅಂದಾಗ, ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಸುಖಿಗಳು ಅಂದರು. ಎರಡು ಊರನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಕಣ್ಣು ಹೋಗುವುದು ಹವೆಯ ಮೇಲೆ. ಅಲ್ಲೇ ಇರುವವರ ತಲೆಯಲ್ಲಿ ಮಾತ್ರ ಪರೀಕ್ಷೆ, ದುಡ್ಡು, ಗೆಳೆಯರು.

ನಿಮ್ಮ ಯಜಮಾನರಿಗೆ ಆಗಿರುವುದೂ ಇದೇ. ರಜೆಗೆ ಹೋದಾಗ ಸಮುದ್ರವೇ ಇಡೀ ಊರು. ಮನೆ ಮಾಡಿ ಮೂರು ತಿಂಗಳಾಗಲಿ, ಬಟ್ಟೆ ಒಣಹಾಕುವಾಗ ಓರೆಗಣ್ಣಿಗೆ ಬೀಳುವ ನೀಲಿ ಪಟ್ಟಿ ಅದು.

ಸುಮ್ನೆ ಹೇಳುತ್ತಿಲ್ಲ. ನಾನೂ ಒಂದು ವರ್ಷ ಕಡಲ ಪಕ್ಕದ ಮನೆಯಲ್ಲಿದ್ದವನು. ಕಿಟಕಿ ತೆಗೆದರೆ ಅಲೆ. ಮನೆ ತೋರಿಸಿದ ಏಜೆಂಟ್ "ಉಪ್ಪುಗಾಳಿ ಗಿಪ್ಪುಗಾಳಿ ಏನಿಲ್ಲ ಸಾರ್" ಅಂದಿದ್ದ. ಮೊದಲು ಕೈಕೊಟ್ಟಿದ್ದು ಬೆಂಕಿಪೊಟ್ಟಣ. ಕಡ್ಡಿ ಗೀರಿದರೆ ಮದ್ದು ಮೆತ್ತಗೆ ಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಆಮೇಲೆ ಪುಸ್ತಕಗಳು. ರಟ್ಟು ಗಟ್ಟಿಯಾಗಿದ್ದವು ಕೂಡ ನೀರು ಕುಡಿದು ದಪ್ಪಗಾದವು. ಆರನೇ ತಿಂಗಳಿಗೆ ಬಾಗಿಲಿನ ತಿರುಗಣಿ ಕಿರುಗುಟ್ಟತೊಡಗಿತು. ಎಣ್ಣೆ ಬಿಟ್ಟೆ. ಕೆಂಪು ನೀರು ಇಳಿಯಿತು.

ಇದರ ಹಿಂದೆ ಮಾಯೆ ಏನಿಲ್ಲ. ಗಾಳಿಯ ತೇವ ಶೇ. 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಅಲೆ ಒಡೆದಾಗ ಹಾರುವ ಉಪ್ಪಿನ ಕಣ ಕಬ್ಬಿಣದ ಮೇಲೆ ಕೂರುತ್ತದೆ. ರಾತ್ರಿ ತೇವ ಹೀರಿ ಒದ್ದೆಯಾಗುತ್ತದೆ. ಮಳೆಯಿಲ್ಲದ ದಿನವೂ ನಿಮ್ಮ ಗ್ರಿಲ್ಲು ನೆನೆಯುತ್ತಲೇ ಇರುತ್ತದೆ ಅಂದಂತಾಯಿತು. ತಿರುಗಣಿ ಬದಲಾಯಿಸಬಹುದು ಬಿಡಿ. ಗೋಡೆಯೊಳಗಿನ ಕಂಬಿ? ಉಪ್ಪು ಕಾಂಕ್ರೀಟಿನೊಳಗೆ ಮೆಲ್ಲಗೆ ಇಳಿದು ಕಂಬಿ ಮುಟ್ಟಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಒಳಗಿನಿಂದ ತಳ್ಳಿ ತಳ್ಳಿ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಕೆಳಗೆ ಬೀಳಿಸುತ್ತದೆ.

ಹಾಗಾಗಿ ಕಡಲೂರಲ್ಲಿ ಮನೆ ನೋಡಲು ಹೋದಾಗ ಬಾಲ್ಕನಿಯಿಂದ ಆಚೆ ನೋಡಬೇಡಿ. ಬಾಲ್ಕನಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ಸಜ್ಜಾದ ಅಡಿಯಲ್ಲಿ ಕಂದು ಗೆರೆ ಇದೆಯಾ? ಕೂದಲೆಳೆಯಂಥ ಬಿರುಕು ಕಂಬಿಯ ಗುಂಟ ನೇರವಾಗಿ ಓಡಿದೆಯಾ? ಹೊಸದಾಗಿ ಬಣ್ಣ ಬಳಿದಿದ್ದರೆ ಪಕ್ಕದ ಮನೆ ನೋಡಿ. ಪಕ್ಕದವರ ಗ್ರಿಲ್ಲು, ಪಕ್ಕದವರ ಏಸಿಯ ಹೊರಗಿನ ಪೆಟ್ಟಿಗೆ, ಪಕ್ಕದವರ ಗೇಟಿನ ಚಿಲಕ. ಅವು ಸುಳ್ಳು ಹೇಳುವುದಿಲ್ಲ. ಸ್ಟೀಲ್ ಹಾಕಿಸಿದ್ದೇವೆ ಅಂದರೆ ಯಾವ ನಂಬರಿನದು ಎಂದು ಕೇಳಿ. 304 ಅನ್ನುವುದು ಸಾಮಾನ್ಯ ಬಳಕೆಯದು, ಕಡಲಗಾಳಿಗೆ ಚಹಾ ಚೆಲ್ಲಿದಂತೆ ಕಲೆ ಬೀಳುತ್ತದೆ. 316ರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಗುಟ್ಟು: ಉಪ್ಪಿನ ಕಾಟ ದಂಡೆಯ ಮೊದಲ ಕೆಲವು ನೂರು ಮೀಟರಿನಲ್ಲೇ ಜಾಸ್ತಿ. ಒಳಗೆ ಹೋದಂತೆ ಬೇಗ ಇಳಿಯುತ್ತದೆ. ಅಲೆ ಕಾಣುವ ಮನೆಗಿಂತ ಹತ್ತು ಹದಿನೈದು ನಿಮಿಷ ನಡೆದರೆ ಅಲೆ ಸಿಗುವ ಮನೆ ಎಷ್ಟೋ ಮೇಲು.

ನೀರನ್ನೂ ನೋಡಿ. ಬಾವಿ ಅಥವಾ ಬೋರ್‌ವೆಲ್ ಇರುವ ಮನೆಯಾದರೆ ಒಂದು ಲೆಕ್ಕ ಗೊತ್ತಿರಲಿ. ಕಡಲ ಬದಿಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೆ ಇದೆ ಎಂದರ್ಥ. ಅದರ ತಿರುವುಮುರುವೂ ನಿಜ. ಪಂಪು ಹಚ್ಚಿ ಮೇಲಿನ 1 ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ಕ್ರಮೇಣ 40 ಮೀಟರ್ ಮೇಲೇರಿ ಬರುತ್ತದೆ. ಡಚ್ಚರೊಬ್ಬರು, ಜರ್ಮನ್ನರೊಬ್ಬರು ನೂರು ವರ್ಷಕ್ಕೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಬೇಸಿಗೆಯ ಕೊನೆಗೆ ಹೋಗಿ ನಲ್ಲಿ ನೀರು ಬಾಯಿಗೆ ಹಾಕಿಕೊಂಡು ನೋಡಿ, ಗೊತ್ತಾಗುತ್ತದೆ.

ದಂಡೆಗೆ ಹೋಗುವುದಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ, ಉಬ್ಬರದ ಹೊತ್ತಿಗೆ ಹೋಗಿ. ಆಗ ನೀರು ಎಲ್ಲಿಯವರೆಗೆ ಬರುತ್ತದೆ ನೋಡಿಕೊಳ್ಳಿ. ಅದರ ಮೇಲೆ ಬಿರುಗಾಳಿಯನ್ನೂ ಕೂಡಿಸಿಕೊಳ್ಳಿ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರಿನಂತೆ ಏರಿದೆ, ವೇಗವೂ ಹೆಚ್ಚುತ್ತಿದೆ. ಮಿಲಿಮೀಟರ್ ಅಂದರೆ ನಗು ಬರುತ್ತದೆ. ಮನೆಸಾಲ 20 ವರ್ಷದ್ದಾದರೆ ಈಗಿನ ವೇಗದಲ್ಲೇ 7 ಸೆಂಟಿಮೀಟರ್ ದಾಟಿತು. ತಟ್ಟೆಯಂಥ ಚಪ್ಪಟೆ ದಂಡೆಯಲ್ಲಿ ಅಷ್ಟು ನೀರು ಅಡ್ಡಕ್ಕೆ ಎಷ್ಟು ದೂರ ಹರಿಯುತ್ತದೆ ಅನ್ನುವುದು ಲೆಕ್ಕ.

ಸಮುದ್ರದ ಮಾತು ಉದ್ದವಾಯಿತು. ಪ್ರಯಾಣದ ಮಾತು ಬೇಗ ಮುಗಿಯುತ್ತದೆ, ಯಾಕಂದ್ರೆ ಅದು ಬರೀ ಕೂಡಿಸುವ ಲೆಕ್ಕ. ಕಡಲೂರಿನಿಂದ ಹೋಗಿ ಬರಲು 5 ಗಂಟೆ. ಮೂರು ದಿನಕ್ಕೆ 15 ಗಂಟೆ. ಅಂದರೆ ವಾರಕ್ಕೆ ಎರಡು ಆಫೀಸು ದಿನ ಬರೀ ಬಸ್ಸು ರೈಲಿನಲ್ಲಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದದ್ದು ನೆನಪಾಗುತ್ತದೆ. ಜನ ಯಾವ ಕಾಲದಲ್ಲೂ ದಿನಕ್ಕೆ ಹೋಗಿಬರಲು ಸರಾಸರಿ ಒಂದು ಗಂಟೆಯ ಹತ್ತಿರವೇ ಖರ್ಚು ಮಾಡುತ್ತಾರಂತೆ. ನಡೆದು ಹೋಗುವ ಕಾಲದ ಕೋಟೆ ಊರುಗಳು ಚಿಕ್ಕದಾಗೇ ಉಳಿದದ್ದು, ರೈಲು ಬಂದ ಮೇಲೆ ಊರುಗಳು ಹಿಗ್ಗಿದ್ದು ಅದಕ್ಕೇ ಅನ್ನುತ್ತಾರೆ ಅವರು. ನಿಮ್ಮ ಯಜಮಾನರು ಈ ಅಳತೆಯ ಐದು ಪಟ್ಟು ಹೊರಲು ಹೊರಟಿದ್ದಾರೆ. ಮೊದಲ ತಿಂಗಳು ಕಿಟಕಿ ಪಕ್ಕ ಪುಸ್ತಕ ಓದುತ್ತಾರೆ. ಮೂರನೇ ತಿಂಗಳಿಂದ ನಿದ್ದೆ. ಆಮೇಲೆ ಆಫೀಸಿನ ಹತ್ತಿರ ಒಂದು ರೂಮು ಮಾಡುತ್ತಾರೆ, ವಾರಕ್ಕೆರಡು ರಾತ್ರಿ ಅಲ್ಲೇ. ಅಲ್ಲಿಗೆ ಮನೆ ಕಡಲ ದಂಡೆಗೆ ಹೋಯಿತು, ಅಪ್ಪ ಮಾತ್ರ ನಗರದಲ್ಲೇ ಉಳಿದರು.

ಹಾಗಂತ ಹೊರವಲಯದ ಊರಿಗೆ ನಾನು ವಕೀಲನಲ್ಲ. ಹೊರವಲಯ ಅಂದರೆ ಎರಡು ಥರ. 1898ರಲ್ಲಿ ಎಬೆನೀಜರ್ ಹೊವಾರ್ಡ್ ಎಂಬ ಇಂಗ್ಲಿಷಿನವರು ಒಂದು ಕನಸು ಬರೆದಿಟ್ಟರು. ಮನೆ, ಕೆಲಸ, ಅಂಗಡಿ, ಶಾಲೆ ನಡೆದು ಮುಟ್ಟುವಷ್ಟು ಹತ್ತಿರ, ಸುತ್ತ ಹೊಲ. 1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಎಂಬ ಊರು ಹಾಗೇ ಶುರುವಾಯಿತು. ಇನ್ನೊಂದು ಥರದ್ದು 1947ರಲ್ಲಿ ನ್ಯೂಯಾರ್ಕ್ ಹೊರಗೆ ಎದ್ದ ಲೆವಿಟೌನ್. ಸಾವಿರಗಟ್ಟಲೆ ಒಂದೇ ಥರದ ಮನೆ, ಕಾರಿಲ್ಲದವರ ಪಾಡು ಕಷ್ಟ. ಈಗಲೂ ಎಲ್ಲ ಹೊರವಲಯಗಳು ಈ ಎರಡರ ನಡುವೆ ಎಲ್ಲೋ ಇವೆ. ನೀವು ನೋಡಿದ ಊರು ಯಾವ ಕಡೆ ವಾಲಿದೆ? ತಿಳಿಯಲು ನನ್ನ ಹತ್ತಿರ ಒಂದೇ ಪರೀಕ್ಷೆ. ಏಳು ವರ್ಷದ ಮಗನ ಕೈಗೆ ಚಿಲ್ಲರೆ ಕೊಟ್ಟು "ಒಂದು ಪೆನ್ಸಿಲ್ ತಗೊಂಡು ಬಾ ಹೋಗು" ಅಂತ ಒಬ್ಬನೇ ಕಳಿಸಬಹುದಾ? ಇನ್ನೆರಡು ವರ್ಷಕ್ಕಾದರೂ? ಆಗುತ್ತದೆ ಅನ್ನಿಸಿದರೆ ಅತ್ತೆಯವರೂ ಸಂಜೆ ಹೊರಗೆ ಕಾಲಾಡಿಸಬಹುದು. ಆಗುವುದಿಲ್ಲ ಅನ್ನಿಸಿದರೆ ನಾಲ್ಕು ಜನಕ್ಕೂ ನೀವೇ ಡ್ರೈವರ್.

ಅತ್ತೆಯವರ ವಿಷಯದಲ್ಲಿ ನೀವು ಬರೆದದ್ದು ಮೆಟ್ಟಿಲಿನ ಬಗ್ಗೆ. ಸರಿಯೇ. ಆದರೆ ಮಂಡಿಗಿಂತ ಮುಖ್ಯವಾದದ್ದು ಒಂದಿದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದರೆ, ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಆದಷ್ಟೂ ಒಳ್ಳೆಯದು. ತಲೆಯ ಸ್ಕ್ಯಾನ್ ಮಾಡದೆ ಅದನ್ನು ಕೊಡುವಂತಿಲ್ಲ. ಹಾಗಾಗಿ "ಹತ್ತಿರದಲ್ಲೇ ಆಸ್ಪತ್ರೆ ಇದೆ" ಅಂದರೆ ಸಾಲದು. ರಾತ್ರಿ ಎರಡು ಗಂಟೆಗೆ ಅಲ್ಲಿ ಸಿಟಿ ಸ್ಕ್ಯಾನ್ ಮಾಡುತ್ತಾರಾ, ನೋಡುವ ವೈದ್ಯರು ಇರುತ್ತಾರಾ? ಎರಡೂ ಊರಿನಲ್ಲಿ ಈ ಪ್ರಶ್ನೆ ಕೇಳಿ. ಪ್ರವಾಸಿಗರ ಊರಾದರೆ ಸೀಸನ್ನಿನಲ್ಲಿ ರಸ್ತೆ ತುಂಬಿ ಆಂಬುಲೆನ್ಸ್ ನಿಲ್ಲುತ್ತದಾ ಅಂತಲೂ ಕೇಳಿ.

ಈಗ ಗೆರೆ ಎಳೆದ ಸಾಲಿಗೆ ಬರೋಣ.

ಅಮೆರಿಕದಲ್ಲಿ 1994ರಿಂದ ಐದು ನಗರಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸುಮಾರು 4,600 ಬಡ ಕುಟುಂಬಗಳು ಸೇರಿಕೊಂಡವು. ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟರು. ಮಕ್ಕಳು ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದರು. 13 ವರ್ಷದೊಳಗೆ ಹೊಸ ಬಡಾವಣೆಗೆ ಹೋದ ಮಕ್ಕಳು, ಇಪ್ಪತ್ತೈದರ ಆಸುಪಾಸಿನಲ್ಲಿ ಶೇ. 31ರಷ್ಟು ಜಾಸ್ತಿ ಗಳಿಸುತ್ತಿದ್ದರು. ಅದಕ್ಕಿಂತ ದೊಡ್ಡ ವಯಸ್ಸಿನಲ್ಲಿ ಹೋದವರಿಗೆ ಲಾಭ ಕಾಣಲಿಲ್ಲ. ಸ್ವಲ್ಪ ನಷ್ಟವೇ ಆದಂತೆ ಕಂಡಿತು. ಬೇರು ಕಿತ್ತ ಪೆಟ್ಟು, ಹೊಸ ಜಾಗದ ಒಳ್ಳೆಯದನ್ನು ತಿಂದುಹಾಕಿತ್ತು. ನಿಮ್ಮ ಪರಿಸ್ಥಿತಿ ಅವರದ್ದಲ್ಲ, ನಿಜ. ಆದರೂ ನಿಮ್ಮ ಮನೆಯಲ್ಲಿ ಆ ಗೆರೆಯ ಆಚೆಗೊಬ್ಬಳು, ಈಚೆಗೊಬ್ಬ ಇದ್ದಾರೆ.

ಏಳು ವರ್ಷದವನು ಎಲ್ಲಿ ಬಿಟ್ಟರೂ ವಾರದಲ್ಲಿ ಗೆಳೆಯರನ್ನು ಮಾಡಿಕೊಳ್ಳುತ್ತಾನೆ. ಹದಿನಾಲ್ಕರ ಹುಡುಗಿ "ಎಲ್ಲಾದರೂ ಸರಿ" ಅಂದಳೆಂದರೆ ಅದು ಒಪ್ಪಿಗೆ ಅಂತ ನನಗನ್ನಿಸುವುದಿಲ್ಲ. ಹೇಗಿದ್ದರೂ ನನ್ನನ್ನು ಯಾರೂ ಕೇಳುವುದಿಲ್ಲ ಅನ್ನುವ ಲೆಕ್ಕ ಅದು. ಅಪ್ಪನಿಗೆ ವರ್ಗವಾದಾಗ ನನಗೆ ಹದಿನೈದು. ನಾನೂ ಇದೇ ಮಾತು ಹೇಳಿದ್ದೆ. ಹೊಸ ಶಾಲೆಯಲ್ಲಿ ಊಟದ ಬಿಡುವು ಮುಗಿಯುವವರೆಗೂ ನಲ್ಲಿಯ ಹತ್ತಿರ ನಿಂತಿರುತ್ತಿದ್ದೆ. ನೀರು ಕುಡಿಯುವುದು, ಬಾಟಲಿ ತುಂಬುವುದು, ಚೆಲ್ಲುವುದು, ಮತ್ತೆ ತುಂಬುವುದು. ಒಬ್ಬನೇ ಕೂತಿದ್ದಾನೆ ಅಂತ ಯಾರಿಗೂ ಕಾಣಬಾರದಲ್ಲ. ಆ ವರ್ಷ ನಮ್ಮಪ್ಪ ಅಮ್ಮನಿಗೆ ಹೊಸ ಮನೆಯ ಹಿತ್ತಲು ತುಂಬಾ ಹಿಡಿಸಿತ್ತು.

ಅವಳನ್ನು ಕೂರಿಸಿಕೊಂಡು ಕೇಳಿ. "ಯಾವ ಊರು ಬೇಕು" ಅಂತಲ್ಲ. "ಅಲ್ಲಿ ಒಂದು ಮಂಗಳವಾರ ಬೆಳಗ್ಗೆಯಿಂದ ರಾತ್ರಿವರೆಗೆ ನಿನಗೆ ಹೇಗಿರುತ್ತೆ, ಬರಿ" ಅನ್ನಿ. ನೀವೂ ಬರೆಯಿರಿ. ಯಜಮಾನರೂ ಬರೆಯಲಿ. ಅತ್ತೆಯವರು ಹೇಳಲಿ, ಮಗ ಬರೆದುಕೊಳ್ಳಲಿ. ಭಾನುವಾರದ ಬಗ್ಗೆ ಯಾರೂ ಬರೆಯಬೇಕಿಲ್ಲ. ಭಾನುವಾರ ಎಲ್ಲ ಊರೂ ಚೆನ್ನಾಗಿರುತ್ತದೆ.

ನನ್ನ ತೀರ್ಪು ಬೇಕಿದ್ದರೆ: ಈಗ ಹೊರವಲಯದ ಊರಿಗೆ ಹೋಗಿ, ಕೊಳ್ಳಬೇಡಿ, ಬಾಡಿಗೆಗೆ ಇರಿ. ರೈಲು ನಿಲ್ದಾಣಕ್ಕೆ ಕಾಲುಗಂಟೆಯಲ್ಲಿ ನಡೆದು ಹೋಗುವಂತಿರಲಿ. ಮಗಳು ಬಯಸಿದರೆ ಶಾಲೆ ಮುಗಿಯುವವರೆಗೆ ಹಳೆಯ ಶಾಲೆಗೇ ಹೋಗಲಿ. ವಾರಕ್ಕೆ ಮೂರು ದಿನ ಅಪ್ಪನೂ ಅದೇ ರೈಲಿನಲ್ಲಿ ಇರುತ್ತಾರಲ್ಲ. ಕಡಲೂರು ಎಲ್ಲೂ ಓಡಿಹೋಗುವುದಿಲ್ಲ. ಅವಳ ಶಾಲೆ ಮುಗಿದ ಮೇಲೆ, ಪ್ರವಾಸಿಗರಿಲ್ಲದ ಕಾಲದಲ್ಲಿ ಒಂದು ತಿಂಗಳು ಅಲ್ಲಿ ಬಾಡಿಗೆಗೆ ಇದ್ದು ನೋಡಿ. ದಂಡೆಯ ಹೋಟೆಲಿನಲ್ಲಲ್ಲ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಆ ಒಂದು ತಿಂಗಳು ಯಜಮಾನರು ಆಫೀಸಿಗೆ ಹೋಗಿ ಬರಲಿ. ಆಮೇಲೂ ಬೇಕು ಅಂದರೆ ನಾನು ಬೇಡ ಅನ್ನುವವನಲ್ಲ.

ಕೊನೆಯಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದೀರಿ, ತಾಯಿ ಕೊಟ್ಟ ಕಬ್ಬಿಣದ ಬೀರು ಕಡಲೂರಿಗೆ ಒಯ್ಯಬಹುದಾ ಅಂತ. ಎಂದಾದರೂ ಹೋದರೆ ಒಯ್ಯಿರಿ. ಕಡಲ ಕಡೆಯ ಕೋಣೆಯಲ್ಲಿ ಇಡಬೇಡಿ. ಗೋಡೆಯಿಂದ ನಾಲ್ಕು ಬೆರಳು ದೂರ, ಕಾಲಿನ ಕೆಳಗೆ ಮರದ ತುಂಡು. ವಾರಕ್ಕೊಮ್ಮೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ. ಬಣ್ಣ ಕಿತ್ತ ಜಾಗ ಇದ್ದರೆ ಹೊರಡುವ ಮೊದಲೇ ಬಳಿಸಿಕೊಳ್ಳಿ. ಮುಖ್ಯವಾಗಿ ಅದರ ಕೆಳಗಿನ ಅಂಚು.