‘ಲಗ್ನ ಬಂತು ಡಾಕ್ಟ್ರೇ, ಮುಖ ಸ್ವಲ್ಪ ಎತ್ತಿ ಕೊಡ್ರಿ’

ಚರ್ಮದ ಪ್ರಶ್ನೆಗಳಿಗೆ ವಿಜಯಪುರದ ಚರ್ಮರೋಗ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಲಗ್ನದ ತಾರೀಕು ಬೇರೆ, ಅಷ್ಟೇ. ಮುಖ ಹೇಗೆ ತೊಳೆಯಬೇಕು, ನೀರು ಎಷ್ಟು ಕುಡಿಯಬೇಕು ಅನ್ನುವುದನ್ನೆಲ್ಲ ನಾನು ಬರೆಯುವುದಿಲ್ಲ. ನಿಮಗೆ ಗೊತ್ತು. ಗೊತ್ತಿದ್ದೂ ಮಾಡುವುದಿಲ್ಲ, ಅದು ಬೇರೆ ಮಾತು. ನೇರ ಪತ್ರಕ್ಕೆ ಬರುತ್ತೇನೆ.

ಪ್ರಶ್ನೆ: ನನಗೆ 48 ವರ್ಷ. ಬಾಗಲಕೋಟೆಯ ನವನಗರದಲ್ಲಿ ಇದ್ದೇವೆ. ಬರುವ ತಿಂಗಳ ಕೊನೆಗೆ ಮಗನ ಲಗ್ನ. ಹುಬ್ಬಿನ ನಡುವೆ ಎರಡು ಗೆರೆ ಇವೆ. ಮೂಗಿನ ಪಕ್ಕದಿಂದ ಬಾಯಿಯವರೆಗೆ ಗೆರೆ ಬಿದ್ದಿವೆ, ಗಲ್ಲ ಜೋತು ಬಿದ್ದಿದೆ. ನಮ್ಮ ಪಾರ್ಲರ್‌ಗೆ ಪುಣೆಯಿಂದ ಒಬ್ಬರು ರವಿವಾರ ಬಂದು ‘ಬೊಟಾಕ್ಸ್ ಫಿಲ್ಲರ್’ ಹಾಕುತ್ತಾರೆ. ಪೂರ್ತಿ ಮುಖಕ್ಕೆ 5 ಸಾವಿರವಂತೆ. ಆಪರೇಷನ್ ಅಲ್ಲ, ಬರೀ ಸೂಜಿ, ಏನೂ ಆಗಲ್ಲ ಅಂತಾರೆ. ಹಾಕಿಸಿಕೊಳ್ಳಲಾ? ಬಿಪಿ ಗುಳಿಗೆ, ಜೊತೆಗೆ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತೇನೆ.

ಉತ್ತರ: ಬೇಡ ಅಕ್ಕಾವ್ರೆ. ಪಾರ್ಲರ್‌ನಲ್ಲಿ ಹುಬ್ಬು ಮಾಡಿಸಿಕೊಳ್ಳಿ, ಮೆಹಂದಿ ಹಾಕಿಸಿಕೊಳ್ಳಿ. ಸೂಜಿ ಬೇಡ.

‘ಬೊಟಾಕ್ಸ್ ಫಿಲ್ಲರ್’ ಅಂತ ಒಂದು ವಸ್ತುವೇ ಇಲ್ಲ. ಎರಡೂ ಬೇರೆ ಬೇರೆ ಔಷಧ, ಬೇರೆ ಬೇರೆ ಕೆಲಸ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಪೂರ್ತಿ ಮುಖಕ್ಕೆ ಒಂದೇ ರೇಟು ಕಟ್ಟುವವರಿಗೆ ತಮ್ಮ ಕೈಯಲ್ಲಿರುವ ಸಿರಿಂಜ್‌ನಲ್ಲಿ ಏನಿದೆ ಅಂತ ಗೊತ್ತಿಲ್ಲ. ಇಲ್ಲಾ, ಅದು ನಿಮಗೆ ಗೊತ್ತಾಗುವುದು ಅವರಿಗೆ ಬೇಕಿಲ್ಲ.

ಬೊಟಾಕ್ಸ್ ಸ್ನಾಯುವಿನ ಔಷಧ. ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಕೆನಡಾದ ಕರುದರ್ಸ್ ದಂಪತಿ, ಹೆಂಡತಿ ಕಣ್ಣಿನ ಡಾಕ್ಟರು, ಗಂಡ ಚರ್ಮದ ಡಾಕ್ಟರು. ರೆಪ್ಪೆ ಬಿಗಿಯಾಗುವ ಕಾಯಿಲೆಗೆ ಇದನ್ನು ಹಾಕುವಾಗ ಹುಬ್ಬಿನ ನಡುವಿನ ಗೆರೆಯೂ ಹೋಗಿದ್ದು ಅವರ ಕಣ್ಣಿಗೆ ಬಿತ್ತು. 1992ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ನಿಮ್ಮ ಹುಬ್ಬಿನ ಗೆರೆಗೆ ಇದು ಸರಿಯಾದ ಮದ್ದು. ಸಾಮಾನ್ಯವಾಗಿ 5 ಕಡೆ, ಒಟ್ಟು 20 ಯುನಿಟ್. ಮೂರ್ನಾಲ್ಕು ದಿನಕ್ಕೆ ಕೆಲಸ ಶುರು, ಎರಡು ವಾರಕ್ಕೆ ಪೂರ್ತಿ, ಮೂರ್ನಾಲ್ಕು ತಿಂಗಳಿಗೆ ಮುಗೀತು. ಆಮೇಲೆ ಗೆರೆ ಮೊದಲಿನ ಹಾಗೆ. ಹಾಕುವವರ ಕೈ ತಪ್ಪಿದರೆ ಕಣ್ಣಿನ ರೆಪ್ಪೆ ಕೆಳಗೆ ಇಳಿಯುತ್ತದೆ. ಕೆಲವು ವಾರದಲ್ಲಿ ಸರಿಹೋಗುತ್ತದೆ ನಿಜ, ಆದರೆ ಆ ವಾರಗಳಲ್ಲೇ ನಿಮ್ಮ ಮನೆಯ ಅಕ್ಷತೆ ಬಂದರೆ?

ಮೂಗಿನ ಪಕ್ಕದ ಗೆರೆಗೆ, ಜೋತ ಗಲ್ಲಕ್ಕೆ ಬೊಟಾಕ್ಸ್ ಉಪಯೋಗವಿಲ್ಲ. ಅಲ್ಲಿ ಆಗಿರುವುದೇ ಬೇರೆ. ವಯಸ್ಸಾದಂತೆ ಗಲ್ಲದ ಕೊಬ್ಬು ಕರಗಿ ಕೆಳಗೆ ಸರಿಯುತ್ತದೆ, ಅಡಿಯ ಎಲುಬೂ ಸವೆಯುತ್ತದೆ. ಮುಟ್ಟು ನಿಂತ ಮೇಲೆ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್, ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ಫಿಲ್ಲರ್ ಅಂದರೆ ಹೀಗೆ ಖಾಲಿಯಾದ ಜಾಗಕ್ಕೆ ತುಂಬುವ ಜೆಲ್, ಹಳೇ ದಿಂಬಿಗೆ ಅರಳೆ ತುಂಬಿದ ಹಾಗೆ. ಈಗ ಹೆಚ್ಚು ಬಳಸುವುದು ಹೈಲುರಾನಿಕ್ ಆಸಿಡ್. ಜಾಗ ನೋಡಿ ಆರು ತಿಂಗಳಿಂದ ಒಂದೂವರೆ ವರ್ಷ ಇರುತ್ತದೆ.

ನನ್ನ ಹತ್ತಿರ ಬರುವವರೆಲ್ಲ ಒಂದೇ ಕೆಲಸ ಮಾಡುತ್ತಾರೆ. ಕನ್ನಡಿ ಮುಂದೆ ಕೂತು ಎರಡೂ ಕೈಯ ಬೆರಳುಗಳನ್ನು ಕಿವಿಯ ಮುಂದೆ ಒತ್ತಿ, ಚರ್ಮ ಹಿಂದಕ್ಕೆ ಎಳೆದು, ‘ಇಷ್ಟು ಸಾಕ್ರೀ ಡಾಕ್ಟ್ರೇ’ ಅನ್ನುತ್ತಾರೆ. ಆ ‘ಇಷ್ಟು’ ಆಪರೇಷನ್‌ನಿಂದ ಬರುವುದು. ಫಿಲ್ಲರ್‌ನ ಒಂದು ಸಿರಿಂಜ್‌ನಲ್ಲಿ ಇರುವುದು 1 ಎಂಎಲ್, ಅಂದರೆ ಚಹಾ ಚಮಚದ ಐದನೇ ಒಂದು ಪಾಲು. ಒಳ್ಳೆ ಕಂಪನಿಯ ಆ ಒಂದು ಸಿರಿಂಜ್‌ನ ಬೆಲೆಯೇ ನಿಮಗೆ ಹೇಳಿದ 5 ಸಾವಿರಕ್ಕಿಂತ ಜಾಸ್ತಿ. ಹಾಗಾದರೆ ಆ ದುಡ್ಡಿಗೆ ಪೂರ್ತಿ ಮುಖಕ್ಕೆ ಹೋಗುವುದು ಏನು? ಕೆಲವು ಕಡೆ ಸಿಲಿಕೋನ್ ಎಣ್ಣೆ ಚುಚ್ಚಿದ್ದಾರೆ. ಅದು ಕರಗುವುದಿಲ್ಲ. ವರ್ಷಗಳಾದ ಮೇಲೂ ಗಂಟು ಕಟ್ಟುತ್ತದೆ.

‘ಬರೀ ಸೂಜಿ, ಏನೂ ಆಗಲ್ಲ’ ಅನ್ನುವ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಫಿಲ್ಲರ್ ರಕ್ತನಾಳದ ಒಳಗೆ ಹೋದರೆ ನಾಳ ಕಟ್ಟಿಕೊಳ್ಳುತ್ತದೆ. ಆ ಜಾಗ ಬೆಳ್ಳಗಾಗುತ್ತದೆ, ಆಮೇಲೆ ಬಲೆ ಹರಡಿದಂತೆ ನೀಲಿ ಗೆರೆ ಮೂಡುತ್ತವೆ, ನೋವು ವಿಪರೀತ. ಬಿಟ್ಟರೆ ಚರ್ಮ ಕೊಳೆಯುತ್ತದೆ. ಮೂಗು, ಹುಬ್ಬಿನ ನಡುವಿನ ಜಾಗ, ಮೂಗಿನ ಪಕ್ಕದ ಗೆರೆ, ಇವೇ ಜಾಸ್ತಿ ಅಪಾಯದ ಜಾಗಗಳು. ಅಲ್ಲಿನ ನಾಳಗಳು ಕಣ್ಣಿನ ನಾಳಗಳ ಜೊತೆ ಕೂಡಿಕೊಂಡಿವೆ. ಜೆಲ್ ಹಿಂದಕ್ಕೆ ಸರಿದು ಕಣ್ಣಿಗೆ ಹೋದರೆ ದೃಷ್ಟಿ ಹೋಗುತ್ತದೆ. ಇದು ಅಪರೂಪ. ಆದರೆ ಆದಾಗ ನಿಮಿಷಗಳ ಲೆಕ್ಕ. ಚರ್ಮವನ್ನು ಉಳಿಸಲು ಹೈಲುರಾನಿಡೇಸ್ ಅನ್ನುವ ಇಂಜೆಕ್ಷನ್ ಇದೆ, ಅದು ಜೆಲ್ಲನ್ನು ಕರಗಿಸುತ್ತದೆ. ಕಣ್ಣಿಗೆ ಹೋದ ಮೇಲೆ ಅದೂ ಕೈಕೊಡುವುದೇ ಜಾಸ್ತಿ. ಪುಣೆಯವರು ಸಂಜೆ ಬಸ್ಸು ಹತ್ತಿದ ಮೇಲೆ ರಾತ್ರಿ ನೋವು ಶುರುವಾದರೆ ನೀವು ಯಾರ ಬಾಗಿಲು ಬಡಿಯುತ್ತೀರಿ? ಪಾರ್ಲರ್‌ನವರದ್ದೇ?

ಹಾಕಿಸಿಕೊಳ್ಳಲೇಬೇಕು ಅಂದರೆ ಹೀಗೆ ಮಾಡಿ. ಚರ್ಮರೋಗದಲ್ಲಿ ಎಂಡಿ ಆದವರೋ ಪ್ಲಾಸ್ಟಿಕ್ ಸರ್ಜನ್ನೋ ನೋಡಿ ಹೋಗಿ. ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ, ಅಂದರೆ ಖಾಸಗಿ ಆಸ್ಪತ್ರೆ-ಕ್ಲಿನಿಕ್‌ಗಳ ರಾಜ್ಯ ಕಾಯ್ದೆಯ ನೋಂದಣಿ ಇರಬೇಕು, ನಂಬರು ಕೇಳಿ. ಹೈಲುರಾನಿಡೇಸ್ ಇದೆಯಾ ಅಂತಲೂ ಕೇಳಿ. ಅದರ ಹೆಸರು ಕೇಳಿ ಮುಖ ಮುಖ ನೋಡಿದರೆ ಎದ್ದು ಬನ್ನಿ. ಡಬ್ಬಿ ನಿಮ್ಮೆದುರೇ ಒಡೆಯಬೇಕು. ಬೊಟಾಕ್ಸ್ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಖಾಲಿ ಅನ್ನಿಸುತ್ತದೆ, ತಳದಲ್ಲಿ ತೆಳ್ಳಗೆ ಬಿಳಿ ಪದರ, ಅಷ್ಟೇ. ಅದಕ್ಕೆ ಸಲೈನ್ ಬೆರೆಸಿ ಸಣ್ಣ ಸಿರಿಂಜ್‌ಗೆ ಎಳೆಯುತ್ತಾರೆ. 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿ ಇಡಬೇಕಾದ ಔಷಧ ಅದು. ಮೊದಲೇ ತುಂಬಿದ ಸಿರಿಂಜ್‌ಗಳನ್ನು ಬ್ಯಾಗಿನಿಂದ ತೆಗೆದರೆ ಚುಚ್ಚಿಸಿಕೊಳ್ಳಬೇಡಿ. ಬ್ಯಾಚ್ ನಂಬರಿನ ಸ್ಟಿಕರ್ ನಿಮ್ಮ ಫೈಲಿನಲ್ಲಿ ಅಂಟಿಸಲಿ.

ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಚುಚ್ಚಿದಲ್ಲೆಲ್ಲ ನೀಲಿ ಕಲೆ ಏಳುತ್ತದೆ, ಹೋಗಲು ಹತ್ತು ಹದಿನೈದು ದಿನ ಬೇಕು. ಅದಕ್ಕಂತ ಗುಳಿಗೆ ನೀವೇ ಬಿಟ್ಟೀರಿ, ಜೋಕೆ. ಕೊಟ್ಟ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು. ಮುಖದ ಗೆರೆಗಿಂತ ಹಾರ್ಟ್ ದೊಡ್ಡದು ಅಲ್ವಾ?

ನನ್ನ ಸಲಹೆ ಕೇಳಿದರೆ, ಹುಬ್ಬಿನ ಗೆರೆಗೆ ಮಾತ್ರ ಬೊಟಾಕ್ಸ್, ಅದೂ ಲಗ್ನಕ್ಕೆ ಮೂರು ನಾಲ್ಕು ವಾರ ಮೊದಲೇ. ಫಿಲ್ಲರ್ ವಿಚಾರ ಲಗ್ನ ಮುಗಿದ ಮೇಲೆ. ಮೊದಲ ಸಲ ಬಂದವರಿಗೆ ಮನೆಯ ಲಗ್ನದ ತಿಂಗಳಲ್ಲಿ ನಾನು ಫಿಲ್ಲರ್ ಹಾಕುವುದಿಲ್ಲ. ಬೇರೆ ಡಾಕ್ಟರು ಹಾಕಬಹುದು, ತಪ್ಪು ಅನ್ನಲ್ಲ. ನಾನು ಸ್ವಲ್ಪ ಅಂಜುವ ಮನುಷ್ಯ. ಇನ್ನೊಂದು ವಿಷಯ. ಹಿಂದಿನ ದವಡೆ ಹಲ್ಲು ಬಿದ್ದಿವೆಯಾ? ನಮ್ಮ ಕಡೆ ಎಲೆ-ಅಡಿಕೆ, ತಂಬಾಕು ತಿಂದು ನಲವತ್ತೈದಕ್ಕೇ ದವಡೆ ಖಾಲಿ ಮಾಡಿಕೊಂಡವರು ಬಹಳ ಜನ. ಗಲ್ಲ ಒಳಗೆ ಹೋಗಲು ಅದೂ ಕಾರಣ. ಅಂಥವರು ನನಗಿಂತ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಲಗ್ನಕ್ಕೆ ತೆಳ್ಳಗಾಗಬೇಕು ಅಂತ ಈಗ ಊಟ ಬಿಡಬೇಡಿ, ಕೊಬ್ಬು ಕರಗಿದ್ದು ಮುಖದಲ್ಲೇ ಎದ್ದು ಕಾಣುತ್ತದೆ.

ಪ್ರಶ್ನೆ: ಬೊಟಾಕ್ಸ್ ಅಂದರೆ ಹಾವಿನ ವಿಷವಂತೆ, ಹೌದಾ? (ಇಳಕಲ್)

ಉತ್ತರ: ಅಲ್ಲ. ಒಂದು ಬ್ಯಾಕ್ಟೀರಿಯಾದಿಂದ ತೆಗೆದದ್ದು. ಹಾವು ಪಾಪ, ಸುಮ್ನೆ ಅದರ ಹೆಸರು ಕೆಡಿಸಬೇಡಿ.

ಪ್ರಶ್ನೆ: ದಿನಾ ಲಿಂಬೆರಸ ಹಚ್ಚಿದರೆ ಸುಕ್ಕು ಹೋಗಿ ಮುಖ ಹೊಳೆಯುತ್ತದಾ? (ಸಿಂದಗಿ)

ಉತ್ತರ: ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ಮುಖಕ್ಕೆ ಹಚ್ಚಲಿ ಅಂತಲ್ಲ. ಲಿಂಬೆರಸ ಬಿದ್ದ ಚರ್ಮಕ್ಕೆ ನಮ್ಮ ಬಿಸಿಲು ತಾಗಿದರೆ ಸುಟ್ಟ ಗುಳ್ಳೆ ಏಳುತ್ತವೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಪಾನಕ ಮಾಡಿ ಕುಡಿಯಿರಿ.

ಪ್ರಶ್ನೆ: ಗ್ಲುಟಾಥಿಯೋನ್ ಡ್ರಿಪ್ ಹಾಕಿಸಿಕೊಂಡರೆ ಬೆಳ್ಳಗಾಗಿ ವಯಸ್ಸು ಕಡಿಮೆ ಕಾಣುತ್ತದಾ?

ಉತ್ತರ: ನಾನು ಹಾಕುವುದಿಲ್ಲ. ನೀವೂ ಹಾಕಿಸಬೇಡಿ.

ಪ್ರಶ್ನೆ: ನನಗೆ 29, ಊರು ಅಥಣಿ. ಎರಡು ವರ್ಷದಿಂದ ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚುತ್ತಿದ್ದೇನೆ. ಮೊದಲು ಮುಖ ಹೊಳೆಯಿತು. ಈಗ ಬಿಸಿಲಿಗೆ ಹೋದರೆ ಉರಿ, ಕೆಂಪು ನರ ಕಾಣುತ್ತವೆ, ಕೂದಲೂ ಬಂದಿವೆ. ಬಿಟ್ಟರೆ ಮೊಡವೆ. ಲೇಸರ್ ಮಾಡಿಸಲಾ?

ಉತ್ತರ: ತಂಗಿ, ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಇವುಗಳಲ್ಲಿ ಯಾವುದಾದರೂ ಇದೆಯಾ ನೋಡು. ಇದ್ದರೆ ನೀನು ಎರಡು ವರ್ಷ ಹಚ್ಚಿದ್ದು ಸ್ಟೀರಾಯ್ಡ್. 2018ರಲ್ಲೇ ಇಂಥ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ ಹೇಳಿದೆ. ಶಾಪಿನಲ್ಲಿ ಯಾರು ಕೇಳುತ್ತಾರೆ? ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡಿ ಮುಪ್ಪನ್ನು ಬೇಗ ತರುತ್ತದೆ, ನೀನು ಅದನ್ನೇ ಚೆಲುವಿಗೆ ಹಚ್ಚುತ್ತಿದ್ದೆ. ಈ ಚರ್ಮದ ಮೇಲೆ ಲೇಸರ್, ಪೀಲ್, ಏನೂ ಬೇಡ. ಒಮ್ಮೆಲೇ ಬಿಟ್ಟರೆ ಮುಖ ಕೆರಳುತ್ತದೆ, ಆಗ ಎಲ್ಲರೂ ಮತ್ತೆ ಅದೇ ಟ್ಯೂಬಿಗೆ ಓಡುತ್ತಾರೆ. ಅದಕ್ಕೇ ಡಾಕ್ಟರ ಕೈಕೆಳಗೆ ಬಿಡು. ತಿಂಗಳುಗಳು ಹಿಡಿಯುತ್ತದೆ. ಟ್ಯೂಬನ್ನು ಎಸೆಯಬೇಡ, ತೋರಿಸಲು ತೆಗೆದುಕೊಂಡು ಹೋಗು.

ಪ್ರಶ್ನೆ: ಕೊಲಾಜನ್ ಪುಡಿ?

ಉತ್ತರ: ದುಬಾರಿ ಪ್ರೋಟೀನ್. ಬೇಳೆ, ಮೊಟ್ಟೆ ತಿನ್ನಿ.

ಪ್ರಶ್ನೆ: 52 ವರ್ಷ, ವ್ಯಾಪಾರ. ವಾರಕ್ಕೆ ಮೂರು ಸಲ ಸೊಲ್ಲಾಪುರಕ್ಕೆ ಕಾರು ಓಡಿಸುತ್ತೇನೆ. ಮುಖದ ಬಲಗಡೆ ಮಾತ್ರ ಕಪ್ಪು, ಸುಕ್ಕೂ ಜಾಸ್ತಿ. ಪಾರ್ಶ್ವವಾಯು ಏನಾದರೂ ಇದೆಯಾ?

ಉತ್ತರ: ಇಲ್ಲ ಸಾಹುಕಾರ್ರೇ. ನಿಮ್ಮ ಬಲಗಡೆ ಇರುವುದು ಕಾರಿನ ಕಿಟಕಿ. ಬಿಸಿಲಿನಲ್ಲಿ ಕಪ್ಪು, ಸುಕ್ಕು ತರುವ ಯುವಿಎ ಕಿರಣಗಳನ್ನು ಮುಂದಿನ ಗಾಜು ತಡೆಯುತ್ತದೆ, ಪಕ್ಕದ ಗಾಜು ಅಷ್ಟು ತಡೆಯುವುದಿಲ್ಲ. ಎಸಿ ತಣ್ಣಗಿದೆ ಅಂತ ಬಿಸಿಲು ತಾಗಿಲ್ಲ ಅಂತಲ್ಲ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಜಾಸ್ತಿಯದು, ಜೊತೆಗೆ ಯುವಿಎ ತಡೆಯುವಂಥದ್ದು ಕೊಳ್ಳಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ, ಕುತ್ತಿಗೆಗೆ ಬೇಕು. ಇಲ್ಲಿಂದ ಹೊರಡುವಾಗ ಒಮ್ಮೆ, ವಾಪಸ್ ಹೊರಡುವಾಗ ಇನ್ನೊಮ್ಮೆ. ತಲೆ ಬೋಳಾಗಿದ್ದರೆ ಅಲ್ಲಿಗೂ.